ವಾಕಡದಲ್ಲಿ ಕಟ್ಟಿದ ಜೋಕಾಲಿ

ಜಮಖಂಡಿ ಬಸ್ ಸ್ಟ್ಯಾಂಡಿನಿಂದ ಬೆಳಿಗ್ಗೆ ಏಳಕ್ಕೆ ಪುಣೆಯ ಬಸ್ಸು ಹೊರಟಾಗ ನನ್ನ ತೊಡೆಯ ಮೇಲೆ ಒಂದು ಡಬ್ಬಿ ಉಂಡಿ, ಕಾಲ ಬುಡದಲ್ಲಿ ನಲವತ್ತು ಮೊಳ ಹಗ್ಗ. ಕಂಡಕ್ಟರ್ ಹಗ್ಗ ನೋಡಿ, "ಏನ್ರಿ ಮಾಲಕರ, ಎತ್ತು ತರಾಕ ಹೊಂಟೀರೇನು?" ಎಂದ. "ಇಲ್ಲಪಾ, ಅಕ್ಕನ್ನ ಜೋಕಾಲಿ ಆಡಸಾಕ ಹೊಂಟೀನಿ" ಎಂದೆ. ಚೇಷ್ಟೆ ಅಂದುಕೊಂಡು ಹೋ ಎಂದು ನಕ್ಕ. ಟಿಕೆಟ್ಟು ಐದುನೂರರ ಮೇಲಾಯಿತು, ಹಗ್ಗಕ್ಕೆ ಮಾತ್ರ ಲಗೇಜು ಹಚ್ಚಲಿಲ್ಲ, ಪುಣ್ಯಾತ್ಮ.

ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ಗಂಡನ ಮನೆಯಿಂದ ಕರೆತರಬೇಕು, ಮನೆಯಲ್ಲಿ ಶೇಂಗಾ, ಎಳ್ಳಿನ ಉಂಡಿ ಕಟ್ಟಬೇಕು, ಬೇವಿನ ಮರಕ್ಕೆ ಜೋಕಾಲಿ ಹಾಕಬೇಕು. ನನ್ನ ಅಕ್ಕ ಗೌರವ್ವ ಇಪ್ಪತ್ತೆರಡು ವರ್ಷದಿಂದ ಪಂಚಮಿಗೆ ಬಂದಿಲ್ಲ. ಮದುವೆಗೆ ಬರುತ್ತಾಳೆ, ಮಣ್ಣಿಗೆ ಬರುತ್ತಾಳೆ, ಪಂಚಮಿಗೆ ಮಾತ್ರ ಇಲ್ಲ. ಕಾರಣ ನಾನು. ಅವಳ ಗಂಡ, ನಮ್ಮ ಮಾವ, ಜ್ವರದಿಂದ ತೀರಿಕೊಂಡ ಮರುವರ್ಷ ಅವಳು ಊರಲ್ಲಿ ಜೋಕಾಲಿ ಹತ್ತಿದಳು. ಎರಡು ಸಲ ಜೀಕಿದ್ದಳೋ ಇಲ್ಲವೋ, "ಗಂಡ ಸತ್ತಾಕಿಗೆ ಎಂಥಾ ಜೀಕಾಟ? ಇಳಸೋ ಆಕಿನ್ನ" ಎಂದು ಓಣಿಯ ಹಿರಿಯರು ನನಗೆ ಅಂದರು. ನನಗೆ ಹತ್ತೊಂಬತ್ತು ವರ್ಷ. ಹಗ್ಗ ಹಿಡಿದು ನಿಲ್ಲಿಸಿಬಿಟ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿ ಇಳಿದಳು. ಆ ಶ್ರಾವಣ ಮುಗಿಯುವುದರೊಳಗೆ ಕಟ್ಟಡ ಕೆಲಸದ ಗ್ಯಾಂಗಿನ ಜೊತೆ ಪುಣೆ ಸೇರಿದಳು.

ಪ್ರತಿವರ್ಷ ಯಾರ ಕೈಯಲ್ಲಾದರೂ ಉಂಡಿ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಹೋದ ವರ್ಷ ನನ್ನ ಮಗಳು ಜೋಕಾಲಿಯ ಮೇಲೆ ಕಿಲಕಿಲ ನಗುವುದು ಕೇಳಿ ಯಾಕೋ ಅರ್ಧ ಊಟಕ್ಕೇ ಎದ್ದುಬಿಟ್ಟೆ. ಈ ಸಲ ಹಿಟ್ಟಿನ ಗಿರಣಿಗೆ ಮೂರು ದಿನ ಬೀಗ ಹಾಕಿ ಹೊರಟೆ.

ಮಿರಜದಲ್ಲಿ ಬಸ್ಸು ನಿಂತಾಗ ಎರಡು ವಡಾಪಾವ್ ತಿಂದೆ. ಕರಾಡ ದಾಟಿದ ಮೇಲೆ ಮಳೆ ಹಿಡಿಯಿತು, ಕಿಟಕಿ ಮುಚ್ಚಿದರೂ ಹಗ್ಗ ಒದ್ದೆಯಾಯಿತು. ಕೂತಲ್ಲೇ ತಲೆ ಓಡಿತು. ಅಲ್ಲ, ಉಂಡರೆ ಹೊಟ್ಟೆಗಾಯಿತು, ಪೂಜೆ ಮಾಡಿದರೆ ಪುಣ್ಯಕ್ಕಾಯಿತು, ಈ ಜೋಕಾಲಿ ಯಾತಕ್ಕೆ? ಹಿಂದೆ ಹೋಗುತ್ತೀರಿ, ಮುಂದೆ ಬರುತ್ತೀರಿ, ಇದ್ದಲ್ಲೇ ಇರುತ್ತೀರಿ. ಕವಡೆ ಕಾಸಿನ ಉಪಯೋಗವಿಲ್ಲ. ಅದಕ್ಕೇ ಅದನ್ನು ಕಸಿದುಕೊಳ್ಳುವುದು ಅಷ್ಟು ಸಲೀಸಾಯಿತು. ಅಕ್ಕನ ಹೊಲ ಕಸಿದಿದ್ದರೆ ಹತ್ತು ಮಂದಿ ಪಂಚಾಯ್ತಿ ಕೂಡುತ್ತಿದ್ದರು. ಅವಳ ಸುಖ ಕಸಿದಾಗ ಏನೂ ಕಳುವಾಗಿಲ್ಲ ಎನ್ನುವ ಹಾಗೆ ಎಲ್ಲರೂ ಮನೆಗೆ ಹೋಗಿ ಹೋಳಿಗೆ ಉಂಡರು. ನಾನೂ ಉಂಡೆ.

ಸಾತಾರಾ ದಾಟಿ, ಘಾಟು ಹತ್ತಿಳಿದು, ಸುರಂಗದಿಂದ ಹೊರಬಿದ್ದು ಪುಣೆಯ ಅಂಚಿನ ಕಾತ್ರಜ ಮುಟ್ಟಿದಾಗ ಸಂಜೆ ಐದು. ಅಕ್ಕ ಕೆಲಸದಿಂದ ನೇರವಾಗಿ ಬಂದು ನಿಂತಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಉಗುರಿನ ಸಂದಿಯಲ್ಲಿ ಸಿಮೆಂಟು. ಆಟೋದವನು ಏನೋ ಅಂದದ್ದಕ್ಕೆ ಮರಾಠಿಯಲ್ಲಿ ಅವನ ಬೆವರಿಳಿಸಿದಳು, ನನ್ನ ಕಡೆ ತಿರುಗಿ "ಬಾರೋ ತಮ್ಮಾ, ಸಿಟಿ ಬಸ್ಸಿಗೇ ಹೋಗೂಣು" ಎಂದಳು. ಅಬ್ಬಾ, ಇವಳು ನಮ್ಮ ಗೌರವ್ವನೇ!

ಅವಳಿರುವ ವಾಕಡಕ್ಕೆ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಮೇಲಿದೆ, ಬಸ್ಸಿಗೆ ಒಂದೂವರೆ ತಾಸು ಹಿಡಿಯಿತು. ನಿಂತೇ ಹೋದೆವು. ಹೆದ್ದಾರಿಯ ಪಕ್ಕದ ಕಟ್ಟಡಗಳನ್ನು ಅವಳು ನೆಂಟರ ಮನೆ ತೋರಿಸಿದಂತೆ ತೋರಿಸುತ್ತಾ ಬಂದಳು. "ಅಕಾ ಅಲ್ಲಿ, ಹನ್ನೆರಡನೇ ಮಾಳಿಗಿ ಗಿಲಾವು ನಂದು. ಒಂದು ಬಿರುಕ ತೋರಸು ನೋಡೂಣು!" ಇಟ್ಟಿಗೆ ಹೊರಲು ಬಂದವಳು ಈಗ ಗೌಂಡಿ. ಕೈಕೆಳಗೆ ಹತ್ತು ಹೆಣ್ಣುಮಕ್ಕಳಿದ್ದಾರೆ. ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ.

ಆಮೇಲೆ ಅವಳ ಕಣ್ಣು ಹಗ್ಗದ ಮೇಲೆ ಬಿತ್ತು. "ಇದ್ಯಾಕ?"

"ನಾಳೆ ಪಂಚಮಿ ಅಲ್ಲೇನ."

ಅವಳು ಹಗ್ಗವನ್ನು ಕಾಲಿಂದ ಬದಿಗೆ ಸರಿಸಿದಳು. "ಹುಡಿಗ್ಯಾರು ಆಡ್ಲಿ. ನನಗ ಹತ್ತು ಅನಬ್ಯಾಡ. ಅಂದರ ಇದ ಬಸ್ಸಿಗೆ ತಿರುಗಿ ಹೋಗು."

"ಅನ್ನೂದಿಲ್ಲ" ಎಂದೆ.

ಮರುದಿನ ಅಕ್ಕ ಕೆಲಸ ಮಾಡುವ ಸೈಟಿಗೆ ವಾರದ ಸೂಟಿ, ಕೆಲಸವಿಲ್ಲ. ಅವರೆಲ್ಲ ಇರುವ ತಗಡಿನ ಶೆಡ್ಡುಗಳ ಹಿಂದೆ, ನದಿಯ ಕಡೆಗೆ, ಬಿಲ್ಡರ್ ಯಾಕೋ ಕಡಿಯದೆ ಉಳಿಸಿದ ಒಂದು ದೊಡ್ಡ ಆಲದ ಮರವಿತ್ತು. ಅಕ್ಕನ ಗ್ಯಾಂಗಿನ, ಯಾದಗಿರಿ, ಕಲಬುರಗಿ ಕಡೆಯ ಹೆಣ್ಣುಮಕ್ಕಳು ಬೆಳಿಗ್ಗೆಯೇ ತಲೆ ತೊಳೆದುಕೊಂಡು, ಮಣ್ಣಿನ ನಾಗಪ್ಪನಿಗೆ ಹಾಲೆರೆದು, ನನ್ನ ಡಬ್ಬಿಗೆ ಕೈ ಹಾಕಿದರು. "ಭಾಳ ಚಲೋ ಅವರಿ ಅಣ್ಣಾರ, ಶೇಂಗಾದ್ದು ಇನ್ನೊಂದು ಕೊಡ್ರಿ" ಎಂದಳು ನಾಗಮ್ಮ. ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿ ಎಲ್ಲರಿಗಿಂತ ಜೋರು.

ನಾನು ಮರ ಹತ್ತಿ, ಕೊಂಬೆಗೆ ಹಗ್ಗ ಬಿಗಿದು, ಇಳಿದು ಕೆಳಗೆ ಹಲಗೆ ಇಟ್ಟೆ. ನಾಗಮ್ಮ ಹಗ್ಗಕ್ಕೆ ಜೋತುಬಿದ್ದು ಒಮ್ಮೆ ಜಗ್ಗಿದಳು ನೋಡಿ, ಗಂಟು ಸರ್ರನೆ ಬಿಚ್ಚಿಕೊಂಡು ಅವಳು ದೊಪ್ಪೆಂದು ಕೆಸರಲ್ಲಿ ಕೂತಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಟ್ಟಿದಾಗಿನಿಂದ ನನಗೆ ಗೊತ್ತಿರುವುದು ಎತ್ತು ಕಟ್ಟುವ ಗಂಟು ಒಂದೇ. ತುದಿ ಜಗ್ಗಿದರೆ ಬಿಚ್ಚಬೇಕು, ಅದಕ್ಕೇ ಅದನ್ನು ಹಾಗೆ ಹಾಕುವುದು. ಅದನ್ನೇ ಹಾಕಿದ್ದೆ.

ದೂರದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಕ್ಕ ಮೊರ ಇಟ್ಟು ಎದ್ದಳು. "ಹೆಣ್ಣುಮಕ್ಕಳ ಕೈಕಾಲ ಮುರೀಬೇಕಂತ ಊರಿಂದ ಬಂದೀ ಏನೋ? ಸರಿ ಆ ಕಡೆ!" ಎಂದು ಬೈದು, ಸೆರಗು ಸಿಗಿಸಿ ತಾನೇ ಮರ ಹತ್ತಿದಳು. ಗೋಡೆಗೆ ಗಿಲಾವು ಮಾಡಲು ನಿಲ್ಲುವ ಅಟ್ಟಕ್ಕೆ ಅವರು ಪರಾಂಚಿ ಅನ್ನುತ್ತಾರೆ. ಆ ಪರಾಂಚಿಗೆ ಹಾಕುವ ಗಂಟನ್ನೇ ಎರಡೂ ಕಡೆ ಮೂರು ಸುತ್ತು ಹಾಕಿ ಬಿಗಿದಳು. ಇಳಿದು ಕೈ ಝಾಡಿಸಿ, "ಹೂಂ, ಹತ್ರಿ" ಎಂದಳು.

ಯಾರೂ ಹತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಅರ್ಥವಾಗಲಿಲ್ಲ. ನಾಗಮ್ಮನೇ ಹೇಳಿದಳು: "ಕಟ್ಟಿದಾಕಿನ ಮೊದಲ ಹತ್ತಬೇಕು, ಗೌರವ್ವಾ. ನೀನ ಕಲಿಸೀಯಲ್ಲ ನಮಗ." ಅದು ಪರಾಂಚಿಯ ಕಾನೂನು. ಕಟ್ಟಿದವರು ಮೊದಲು ತಮ್ಮ ಭಾರ ಹಾಕಿ ನೋಡಬೇಕು, ಆಮೇಲೆ ಉಳಿದವರು. ಅಕ್ಕನ ಗ್ಯಾಂಗಿನಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಬಿದ್ದಿಲ್ಲ, ಆ ಹೆಮ್ಮೆ ಅವಳಿಗೆ ಬಹಳ.

ಅಕ್ಕ ಹಲಗೆ ನೋಡಿದಳು. ನನ್ನ ಕಡೆ ನೋಡಲಿಲ್ಲ. "ಕಾನೂನ ಅಂದರ ಕಾನೂನು" ಎಂದು ಗೊಣಗಿ ಹಲಗೆಯ ಮೇಲೆ ಕಾಲಿಟ್ಟಳು.

ಮೊದಲ ಮೂರು ಜೀಕು ಬರೀ ಪರೀಕ್ಷೆ. ತಲೆ ಎತ್ತಿ ಗಂಟು ನೋಡುತ್ತಾ, ಕೊಂಬೆಯ ಸಪ್ಪಳಕ್ಕೆ ಕಿವಿಗೊಡುತ್ತಾ ಜೀಕಿದಳು. "ಗಟ್ಟಿ ಅದ" ಎಂದಳು. ಇಳಿಯಬೇಕಿತ್ತು, ಇಳಿಯಲಿಲ್ಲ. ನಾಲ್ಕನೆಯದಕ್ಕೆ ಮೊಣಕಾಲು ಮಡಚಿ ಒತ್ತಿದಳು. ಐದು, ಆರು. ಗೆಣಸಿನ ಗಡ್ಡೆಯಂಥ ಪಾದಗಳು ಎಲೆಗಳಿಗೆ ತಾಗಿದವು. ಸೆರಗು ಬಿಚ್ಚಿಕೊಂಡಿತು, ತುರುಬು ಬಿಚ್ಚಿಕೊಂಡಿತು. ನಲವತ್ತಾರರ ನನ್ನ ಅಕ್ಕ "ಹೋ!" ಎಂದು ಕೂಗಿದಳು. ಕೆಳಗಿನವರೂ "ಹೋ!" ಎಂದರು. ಅಷ್ಟು ಎತ್ತರ ನಮ್ಮೂರ ಬೇವಿನ ಮರದಲ್ಲಿ ಯಾರೂ ಜೀಕಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಕೊಂಬೆ ಕರ್ ಎಂದಿತು. ನಾನು ಹೆದರಿ ಮುಂದೆ ಹೋಗಿ ಹಗ್ಗಕ್ಕೆ ಕೈ ಚಾಚಿದೆ.

"ಕೈ ತಗಿ!"

ಮೇಲಿಂದ ಬಂದ ಆ ಒಂದು ಮಾತಿಗೆ ನನ್ನ ಕೈ ತಾನೇ ಹಿಂದೆ ಬಂತು. ನಾಲ್ಕು ಹೆಜ್ಜೆ ಸರಿದು ನಿಂತೆ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ಅವಳು ತನಗೆ ಸಾಕೆನಿಸುವವರೆಗೂ ಜೀಕಿದಳು. ಇಳಿದ ಮೇಲೆ ಏದುಸಿರು ಬಿಡುತ್ತಾ, ಒಂದು ಎಳ್ಳುಂಡಿ ಬಾಯಿಗೆ ಹಾಕಿಕೊಂಡು, "ಪರೀಕ್ಷಾ ಮುಗೀತು, ಪಾಳಿ ಹಚ್ರಿ" ಎಂದಳು. "ಎಂಥಾ ಉದ್ದನ ಪರೀಕ್ಷಾನ ಯವ್ವಾ!" ಎಂದಳು ನಾಗಮ್ಮ.

ಮೂರನೆಯ ದಿನ ಅಕ್ಕ ಅರ್ಧ ದಿನದ ಕೆಲಸ ಬಿಟ್ಟು ಕಾತ್ರಜದವರೆಗೆ ಕಳಿಸಲು ಬಂದಳು. ಮಳೆ ನಿಂತಿತ್ತು. ಬಸ್ಸಿಗೆ ಕಾಯುತ್ತಾ ಚಹಾ ಕುಡಿಯುವಾಗ, ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ: "ಅಕ್ಕಾ, ನನ್ನ ಮ್ಯಾಲಿನ ಸಿಟ್ಟು ಇಳೀತೇನ?"

ಅವಳು ಸಾವಕಾಶ ಚಹಾ ಮುಗಿಸಿದಳು. "ಸಿಟ್ಟು ಇದ್ದಲ್ಲೇ ಅದ. ನಾ ಹತ್ತಿದ್ದು ನಿನ್ನ ಸಲುವಾಗಿ ಅಲ್ಲ, ತಿಳೀತಿಲ್ಲೋ? ಅಷ್ಟು ಮ್ಯಾಲೆ ಹೋದಾಗ ನೀ ನೆನಪಿಗೇ ಬರಲಿಲ್ಲ. ಯಾರೂ ಬರಲಿಲ್ಲ. ಬರೇ ಗಾಳಿ. ಭಾಳ ಚಲೋ ಅನಿಸ್ತು."

ಬಸ್ಸು ಬಂತು. ಕಿಟಕಿಯಿಂದ ನೋಡಿದರೆ ಅವಳು ಆಗಲೇ ಬೆನ್ನು ತಿರುಗಿಸಿ, ವಾಕಡದ ಬಸ್ಸಿಗೆ ಕೈ ಅಡ್ಡ ಮಾಡಿ ನಿಲ್ಲಿಸುತ್ತಿದ್ದಳು. ಕ್ಷಮೆ ಕೇಳಲು ಹೋದವನು ಬರಿಗೈಯಲ್ಲಿ ಹೊರಟಿದ್ದೆ, ಆದರೂ ಖುಷಿ ಹಿಡಿಸಲಾರದೆ ಪಕ್ಕದಲ್ಲಿ ಕೂತ ಅಪರಿಚಿತನ ತೋಳು ತಟ್ಟಿ ಹೇಳಿದೆ: "ಅಕಾ ಅಲ್ಲಿ ನೋಡ್ರಿ, ಅಂಗಿ ಹಾಕ್ಕೊಂಡಾಕಿ. ನಮ್ಮ ಅಕ್ಕ ರೀ!"