ತನ್ನ ದನಿಯ ಹಿಂದೆ ಓಡುವ ದುರಗಮ್ಮ

ಬೆಳಗಿನ ಐದೂವರೆ. ಹತ್ತಿಕುಣಿ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ಕುರಿ ಫಾರಮ್ಮಿನ ಉದ್ದನೆಯ ತಗಡಿನ ಶೆಡ್ಡಿನೊಳಗೆ ಹೆಣ್ಣುಮಗಳೊಬ್ಬಳು ಕರೆಯುತ್ತಾಳೆ. "ಬಾರವ್ವಾ... ಬಾ ಬಾ ಬಾ... ಹೋ, ಬಾ..." ಕೊನೆಗೆ ನಾಲಿಗೆಯಿಂದ ಎರಡು ಸಲ ಟಕ್ ಟಕ್. ಮಲಗಿದ್ದ ಎಪ್ಪತ್ತು ಕುರಿಗಳು ಒಮ್ಮೆಗೇ ಎದ್ದು, ಒಂದರ ಬೆನ್ನಿಗೊಂದು ತೂಕದ ಕಟಕಟೆಯ ಕಡೆ ನಡೆಯುತ್ತವೆ. ಕೋಲಿಲ್ಲ, ನಾಯಿಯಿಲ್ಲ. ಕರೆದವಳೂ ಅಲ್ಲಿಲ್ಲ.

ದನಿ ದುರಗಮ್ಮನವರದು. ಆದರೆ ದುರಗಮ್ಮ ಶೆಡ್ಡಿನ ಹೊರಗೆ, ಬೇವಿನ ಗಿಡದ ಕೆಳಗೆ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ. ಕರೆ ಕಿವಿಗೆ ಬಿದ್ದದ್ದೇ ತಡ, ಎದ್ದು ಓಡುತ್ತಾರೆ. ಐವತ್ತೆಂಟು ವರ್ಷದ ಮೊಣಕಾಲು ಕಟಕ್ಕೆಂದರೂ ಲಕ್ಷ್ಯ ಕೊಡುವುದಿಲ್ಲ. ಸೀರೆಯ ಉಡಿ ತುಂಬ ಬೇವಿನ ಸೊಪ್ಪು, ಅವರ ಮಾತಿನಲ್ಲಿ ತಪ್ಪಲು. ಸಾಲಾಗಿ ಬಂದು ನಿಂತ ಕುರಿಗಳ ಬಾಯಿಗೆ ಒಂದೊಂದೇ ಚಿಗುರು ಇಡುತ್ತಾ ಹೋಗುತ್ತಾರೆ. ಎಪ್ಪತ್ತಕ್ಕೂ ಮುಟ್ಟಿಸಿದ ಮೇಲೆಯೇ ಸೆರಗಿನಿಂದ ಮುಖ ಒರೆಸಿಕೊಳ್ಳುವುದು.

"ಕರದೆವಂದ್ರ ಕೊಡಬೇಕ್ರಿ. ಬರಿಗೈಲಿ ಕುರಿ ಕರೀಬಾರದು," ಎನ್ನುತ್ತಾರೆ ಏದುಸಿರಿನ ನಡುವೆ. "ಈಗ ಕರದಾಕಿ ನಾ ಅಲ್ಲ, ಖರೆ. ಆದ್ರ ಕುರಿಗೇನ್ ಗೊತ್ತ? ದನಿ ನಂದ ಅದ."

ಇದು ಅವರ ಕೆಲಸವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಯಾದಗಿರಿಯ ಹತ್ತಿರದ ಈ ಫಾರಮ್ಮಿನಲ್ಲಿ ದುರಗಮ್ಮ ಸಂಬಳ ಪಡೆಯುವುದು ಹಿಕ್ಕೆ ಗುಡಿಸುವುದಕ್ಕೆ, ನೀರಿನ ತೊಟ್ಟಿ ತೊಳೆಯುವುದಕ್ಕೆ. ಕುರಿಗಳನ್ನು ನೋಡಿಕೊಳ್ಳುವುದು ಯಂತ್ರ. ಶೆಡ್ಡಿನ ಆರು ಅಂಕಣಕ್ಕೆ ಆರು ಕಂಬ. ಪ್ರತಿ ಕಂಬದ ತುದಿಗೆ ಒಂದು ಕ್ಯಾಮೆರಾ, ಒಂದು ಮೈಕು, ಒಂದು ಸ್ಪೀಕರು. ಯಾವ ಕುರಿ ಕೆಮ್ಮಿತು, ಯಾವುದು ಕುಂಟಿತು, ಯಾವುದು ಮೇವು ಬಿಟ್ಟಿತು ಎಂದು ಕೃತಕ ಬುದ್ಧಿಮತ್ತೆ ಹಗಲಿರುಳೂ ನೋಡುತ್ತದೆ. ತೂಕಕ್ಕೆ, ನೀರಿಗೆ, ಔಷಧಿಗೆ ಬೇಕಾದ ಕುರಿಗಳನ್ನು ತಾನೇ ಕರೆಯುತ್ತದೆ, ದಿನಕ್ಕೆ ಹದಿನೇಳು ಸಲ. ಹದಿನೇಳು ಸಲವೂ ದುರಗಮ್ಮ ಉಡಿ ಕಟ್ಟಿಕೊಂಡು ಅದರ ಹಿಂದೆ ಓಡುತ್ತಾರೆ. ನಾನೂರ ಇಪ್ಪತ್ತು ಕುರಿಗೆ ಕರೆದಾಗೆಲ್ಲ ಒಂದೊಂದು ಚಿಗುರು ಎಂದರೂ ದಿನಕ್ಕೆ ಮೂರು ಹೊರೆ ತಪ್ಪಲು ಬೇಕು. ಅದನ್ನು ನಸುಕಿಗಿಂತ ಮೊದಲೇ ಕಡಿದು ತಂದಿರುತ್ತಾರೆ. ಜೊತೆಗಾರರು ನಗುತ್ತಾರೆ. ನಗುವವರ ಮುಂದೆ ಎಡವಬಾರದಷ್ಟೇ ಎಂದು ಇವರೂ ನಗುತ್ತಾರೆ.

ಈ ಹಟ ಬಂದದ್ದು ಅತ್ತೆಯಿಂದ. ಹಾಲುಮತದ ಮನೆತನ, ಹಿಂಡಿನ ಹಿಂದೆ ಊರೂರು ಅಲೆದ ಬದುಕು. ಮದುವೆಯಾಗಿ ಬಂದ ಹೊಸತರಲ್ಲಿ ದುರಗಮ್ಮ ಒಂದು ದಿನ ತಮಾಷೆಗೆಂದು ಕುರಿ ಕರೆದರಂತೆ. ನಲವತ್ತು ಕುರಿ ಮೇಯುವುದನ್ನು ಬಿಟ್ಟು ಓಡಿಬಂದು ಸುತ್ತ ನಿಂತವು. ಕೈಯಲ್ಲಿ ಏನೂ ಇಲ್ಲ. ಅತ್ತೆ ಸೊಸೆಯ ಬುತ್ತಿ ಬಿಚ್ಚಿಸಿ, ರೊಟ್ಟಿಯನ್ನೆಲ್ಲ ಮುರಿದು ಕುರಿಗಳಿಗೆ ಹಂಚಿಸಿದರು. ಸೊಸೆ ಆವತ್ತು ಸಂಜೆತನಕ ಉಪವಾಸ.

"ಮೂಕ ಪ್ರಾಣಿಗೆ ಸುಳ್ಳ ಹೇಳಿದ್ರ ಅದು ಯಾರ ಮುಂದ ಹೋಗಿ ಹೇಳಬೇಕು ಅಂದ್ಳ್ರಿ ನಮ್ಮತ್ತಿ. ಆವತ್ತಿಂದ ಬರಿಗೈಲಿ ಕರದಿಲ್ಲ. ಸಂತಿಗೆ ಒಯ್ಯೋ ದಿನ ಅಂತೂ ಕರೀತಾನ ಇರಲಿಲ್ಲ. ಹಗ್ಗ ಹಚ್ಚಿ ಬ್ಯಾರೇದವರು ಎಳಕೊಂಡು ಹೋಗಲಿ, ನಾವು ಕರದು ಕೊಡಬಾರದು."

ಗಂಡ ರಾಮಣ್ಣ ಹನ್ನೊಂದು ವರ್ಷದ ಹಿಂದೆ ಶಹಾಪುರದ ಕಡೆ ಹಿಂಡು ತರುಬಿ ಬೀಡು ಬಿಟ್ಟಿದ್ದಾಗ ಹಾವು ಕಡಿದು ತೀರಿಕೊಂಡರು. ಹೆಣದ ಮುಂದೆ ಕೂತಿರುವಾಗಲೇ ಹಿಂಡು ಚದುರಿತು. ಗಂಡನನ್ನು ಮಣ್ಣು ಮಾಡಿದ ಕೈಯಲ್ಲೇ ಮೂರು ದಿನ ಹಳ್ಳ ಕೊಳ್ಳ ತಿರುಗಿ, ಅಳುತ್ತಾ ಕರೆದು, ಒಂದೊಂದಾಗಿ ಕುರಿ ಕೂಡಿಸಿದರು. ಆಮೇಲೆ ಒಬ್ಬರೇ ಅಲೆಯುವುದಾಗದೆ ಹಿಂಡನ್ನು ಮೈದುನನಿಗೆ ಒಪ್ಪಿಸಿ ಫಾರಮ್ಮು ಸೇರಿದರು.

ಎರಡು ವರ್ಷದ ಹಿಂದೆ ಯಂತ್ರ ಕೂಡಿಸುವ ಕಂಪನಿಯವರು ಬಂದರು. ಕುರಿಗಳು ದುರಗಮ್ಮನ ಕರೆಗೆ ಓಗೊಡುವುದನ್ನು ನೋಡಿ, ಉಣ್ಣೆ ಹೊದ್ದ ಮರಿಯಂಥ ಮೈಕೊಂದನ್ನು ಅವರ ಬಾಯಿಯ ಮುಂದೆ ಹಿಡಿದರು. ಮೂರು ದಿನ ದನಿ ತುಂಬಿಕೊಂಡರು. ಸುಮ್ಮನೆ ಕರೆದರೆ ಸಾಕು ಎಂದರೆ ದುರಗಮ್ಮ ಒಪ್ಪಲಿಲ್ಲ. ಪ್ರತಿ ಕರೆಗೂ ನಿಜವಾಗಿ ಕುರಿ ಬರಬೇಕು, ಬಂದ ಕುರಿಗೆ ತಪ್ಪಲು ಕೊಡಬೇಕು, ಆಮೇಲೆ ಮುಂದಿನ ಕರೆ. ಮೊದಲ ಸಲ ಕಂಬದಿಂದ ತಮ್ಮ ದನಿ ಕೇಳಿದಾಗ ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು. ಹೆಮ್ಮೆಯೂ ಆಗಿತ್ತು.

"ಅದೇ ನನ್ನ ತಪ್ಪಾತ್ರಿ. ಸುಳ್ಳ ಸುಳ್ಳ ಕರದಿದ್ರ ಕುರಿ ನಂಬತಿರಲಿಲ್ಲ. ನಾ ಖರೇನ ಕರದೆ. ದನಿ ಕೂಡ ಭರೋಸಾನೂ ಒಯ್ದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ದುರಗಮ್ಮ ಆಡಿದ ಮಾತು ಹೋಗಲೇ ಇಲ್ಲ. ಅವರು ಉಣ್ಣುವಾಗ ಅದು ಕರೆಯುತ್ತದೆ. ಜ್ವರ ಬಂದು ಗಂಟಲು ಕಟ್ಟಿದ ದಿನವೂ ಕಂಬದ ಗಂಟಲು ಸ್ವಚ್ಛ. ಯಂತ್ರ ಬಂದ ಮೇಲೆ ಹುಟ್ಟಿದ ಮರಿಗಳ ಪಾಡು ಇನ್ನೂ ವಿಚಿತ್ರ. ದುರಗಮ್ಮ ಎದುರಿಗೇ ನಿಂತು ತಮ್ಮ ಬಾಯಿಂದಲೇ ಕರೆದರೆ ಅವು ಇವರ ಮುಖ ನೋಡುವುದಿಲ್ಲ. ನೂರಾರು ಕತ್ತುಗಳು ಒಟ್ಟಿಗೆ ಮೇಲೆದ್ದು ಕಂಬವನ್ನು ನೋಡುತ್ತವೆ. ಮೊದಲ ಸಲ ಅದನ್ನು ಕಂಡ ದಿನ ಅವರು ತಮ್ಮ ಗಲ್ಲ ತಾವೇ ಮುಟ್ಟಿ ನೋಡಿಕೊಂಡರಂತೆ.

ಹೋದ ವರ್ಷ ಒಂದು ಮಧ್ಯಾಹ್ನ ಇದಕ್ಕಿಂತ ಹೆಚ್ಚಿನದು ನಡೆಯಿತು. ಎರಡು ಕುರಿ ಮೂಲೆ ಬಿಟ್ಟು ಏಳಲೊಲ್ಲವು. ಯಂತ್ರ ಒಂದು ಸಲ ಕರೆಯಿತು, ಎರಡು ಸಲ ಕರೆಯಿತು. ಮೂರನೆಯ ಸಲ ದನಿ ಇಳಿಸಿ, ನಡುಗಿಸಿ, ಅಳು ಒತ್ತಿಕೊಂಡವರ ಹಾಗೆ ಕರೆಯಿತು. ತೊಟ್ಟಿ ತೊಳೆಯುತ್ತಿದ್ದ ದುರಗಮ್ಮನ ಕೈ ನಿಂತಿತು.

"ಹಂಗ ನಾ ಕಂಪನಿಯವರ ಮುಂದ ಕರದೇ ಇಲ್ರಿ. ಜೀವಮಾನದಾಗ ಒಂದ ಸಲ ಕರದೀನಿ, ನನ್ನ ಗಂಡ ಸತ್ತಾಗ, ಆ ಮೂರು ದಿನ. ಹಳ್ಳದಾಗ ಯಾರೂ ಇರಲಿಲ್ಲ. ಇದು ಎಲ್ಲಿ ಕೇಳ್ತು?" ತೋಳಿನ ಮೇಲೆ ಎದ್ದ ರೋಮವನ್ನು ಈಗಲೂ ಅಂಗೈಯಿಂದ ಸವರಿಕೊಳ್ಳುತ್ತಾರೆ.

ಫಾರಮ್ಮಿನ ಮಾಲೀಕ ಸಂಜೀವಕುಮಾರ ಇದಕ್ಕೆ ಉತ್ತರ ಇಟ್ಟುಕೊಂಡಿದ್ದಾರೆ. ಯಾವ ರಾಗಕ್ಕೆ ಕುರಿ ಬೇಗ ಬರುತ್ತದೆ ಎಂದು ಯಂತ್ರ ದಿನಾ ಕಲಿಯುತ್ತದೆ, ಇದ್ದ ದನಿಯಲ್ಲೇ ಹೊಸ ಕರೆ ಕಟ್ಟುತ್ತದೆ ಎಂದು ವಿವರಿಸುತ್ತಾರೆ. "ದೆವ್ವಿಲ್ಲ ಗಿವ್ವಿಲ್ಲ, ಲೆಕ್ಕ ಅದ ಅಷ್ಟ. ಮೊದಲೆಲ್ಲ ಚಳಿಗಾಲಕ್ಕ ಇಪ್ಪತ್ತು ಮರಿ ಸಾಯ್ತಿದ್ವು. ಹೋದ ವರ್ಷ ಮೂರು. ಕೆಮ್ಮು ಸುರು ಆದ ದಿನಾನ ಗೊತ್ತಾಗತದ." ಮಾತು ಸುಳ್ಳಲ್ಲ. ದುರಗಮ್ಮನೂ ಅದನ್ನು ಅಲ್ಲಗಳೆಯುವವರಲ್ಲ. ಗೊರಸಿನ ಬಾವು ತಮ್ಮ ಕಣ್ಣಿಗಿಂತ ಎರಡು ದಿನ ಮೊದಲು ಯಂತ್ರದ ಕಣ್ಣಿಗೆ ಬೀಳುತ್ತದೆ ಎಂದು ಅವರೇ ಹೇಳುತ್ತಾರೆ. ಆ ಲೆಕ್ಕದ ಮುಂದೆ ತಮ್ಮ ಹೆದರಿಕೆ ಸಣ್ಣದು ಎಂದುಕೊಂಡು ಸುಮ್ಮನಿದ್ದರು, ಯಾಕೂಬಸಾಬ ಬಾಯಿ ಬಿಡುವವರೆಗೆ.

ಯಾಕೂಬಸಾಬ ಶಹಾಪುರದವರು, ಮೂವತ್ತು ವರ್ಷದಿಂದ ಸಂತೆಗೆ ಕುರಿ ಒಯ್ಯುವ ಲಾರಿ ಓಡಿಸುತ್ತಾರೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಅವರ ಲಾರಿ ಬಂದರೆ ದುರಗಮ್ಮ ಫಾರಮ್ಮಿಗೆ ಕಾಲಿಡುತ್ತಿರಲಿಲ್ಲ. ಮಾರಾಟದ ಕುರಿ ಹೋದ ಮೇಲೆಯೇ ಬರುತ್ತಿದ್ದರು. ಒಂದು ಸೋಮವಾರ ದಾರಿಯಲ್ಲಿ ಲಾರಿ ನಿಲ್ಲಿಸಿ ಯಾಕೂಬಸಾಬ ಹೇಳಿದರು: "ಯಕ್ಕಾ, ನಿನ್ನ ಆವಾಜ್ ಕೇಳ್ತು, ನೀ ಮಾತ್ರ ಕಾಣಲಿಲ್ಲ. ಚಲೋ ಕರದಿ ನೋಡು. ಮದಿವಿ ದಿಬ್ಬಣ ಹತ್ತಿದಂಗ ಗಾಡಿ ಹತ್ತಿದ್ವು. ಮೂವತ್ತು ವರ್ಷದಾಗ ಹಿಂಗ ನೋಡಿಲ್ಲ. ಖರೆ ಹೇಳ್ಲಿ? ನನಗ ಜರಾ ಅಂಜಿಕಿ ಬಂತು."

ದುರಗಮ್ಮ ಆಗಷ್ಟೇ ಮನೆಯಿಂದ ಹೊರಟಿದ್ದರು. ಲಾರಿಯ ಹಲಗೆಗಳ ಸಂದಿಯಿಂದ ಮೂಗು ತೂರಿಸಿ ನಿಂತ ಕುರಿಗಳು ಅವರ ಕೈಯನ್ನೇ ನೋಡುತ್ತಿದ್ದವು. ಕೈ ಬರಿದಾಗಿತ್ತು.

ಆವತ್ತು ಅವರು ಊಟ ಮಾಡಲಿಲ್ಲ. ಮರುದಿನ ಸಂಜೀವಕುಮಾರರ ಮುಂದೆ ನಿಂತು, ಲಾರಿ ಬರುವ ದಿನ ತಮ್ಮ ದನಿ ಬಂದ್ ಮಾಡಬೇಕೆಂದು ಕೇಳಿದರು. ಸಂಜೀವಕುಮಾರ ಒಳ್ಳೆಯ ಮನುಷ್ಯ, ಒಪ್ಪಿದರು. ಮುಂದಿನ ಸೋಮವಾರ ಕಂಬಗಳು ಸುಮ್ಮನಿದ್ದವು, ಬದಲಿಗೆ ಹಳೆಯ ಕೋಲುಗಳು ಹೊರಬಂದವು. ಬಾಲ ತಿರುವಿ, ಕಿವಿ ಹಿಡಿದು, ಹೊಡೆದು ಹತ್ತಿಸಿದರು. ದನಿ ನಿಜಕ್ಕೂ ಬಂದಾಗಿದೆಯೇ ಎಂದು ತಿಳಿಯಲು ಬಂದಿದ್ದ ದುರಗಮ್ಮ ಬೇವಿನ ಗಿಡದ ಕೆಳಗೆ ಕೂತಿದ್ದರು. ಕುರಿಗಳ ಅರಚಾಟ ಕೇಳಿತು. ಆಮೇಲೆ ಒಣಕಟ್ಟಿಗೆ ಮುರಿದ ಸದ್ದು. ಹಲಗೆಯ ಸಂದಿಯಲ್ಲಿ ಸಿಕ್ಕಿ ಒಂದು ಕುರಿಯ ಮುಂಗಾಲು ಮುರಿದಿತ್ತು.

ದುರಗಮ್ಮ ಎದ್ದು ಒಳಗೆ ಹೋದರು. "ಹಚ್ಚ್ರಿ," ಎಂದರು. ಸಂಜೀವಕುಮಾರರಿಗೆ ತಿಳಿಯಲಿಲ್ಲ. "ನನ್ನ ದನಿ ಹಚ್ಚ್ರಿ, ಹೊಡೀಬ್ಯಾಡ್ರಿ," ಎಂದು ಎರಡನೆಯ ಸಲ ಹೇಳಬೇಕಾಯಿತು. ಕಂಬ ಕರೆಯಿತು. ಅರಚುತ್ತಿದ್ದ ಕುರಿಗಳೆಲ್ಲ ಥಟ್ಟನೆ ಗಪ್ಪಾದವು. ಆ ಮೌನ ಅರಚಾಟಕ್ಕಿಂತ ಭಯಂಕರವಾಗಿತ್ತು ಎನ್ನುತ್ತಾರೆ ಯಾಕೂಬಸಾಬ.

ಅಂದಿನಿಂದ ಸೋಮವಾರ ದುರಗಮ್ಮ ಮನೆಯಲ್ಲಿ ಕೂರುವುದಿಲ್ಲ. ಯಾವತ್ತೂ ನಿಲ್ಲಬಾರದೆಂದು ಅತ್ತೆ ಹೇಳಿದ್ದ ಜಾಗದಲ್ಲೇ, ಲಾರಿಯ ಬಾಗಿಲಲ್ಲಿ, ಉಡಿ ತುಂಬ ತಪ್ಪಲು ಕಟ್ಟಿಕೊಂಡು ನಿಲ್ಲುತ್ತಾರೆ. ತಲೆಯ ಮೇಲೆ ಅವರ ದನಿ ಕರೆಯುತ್ತದೆ, ಕೆಳಗೆ ಅವರ ಕೈ ಕೊಡುತ್ತದೆ. ಒಂದು ಕುರಿಯೂ ಎಲೆ ತಿನ್ನದೆ ಹತ್ತುವುದಿಲ್ಲ. ಯಾಕೂಬಸಾಬ ಅಲ್ಲಿಯವರೆಗೆ ಇಂಜಿನ್ ಚಾಲೂ ಮಾಡುವುದಿಲ್ಲ.

"ತಪ್ಪಲ ಕೊಟ್ರ ಸುಳ್ಳ ಖರೆ ಆಗಂಗಿಲ್ಲ, ನನಗೂ ಗೊತ್ತದ," ಎನ್ನುತ್ತಾರೆ ದುರಗಮ್ಮ. "ಆದ್ರ ಹೊಡಿಸಿಕೊಂಡು ಹೋಗೂದಕ್ಕಿಂತ ತಿಂದು ಹೋಗೂದು ಚಲೋ. ಅಷ್ಟ ನನ್ನ ಕೈಲಿ ಆಗೂದು."

ಅಲ್ಲಿಗೂ ಮುಗಿಯಲಿಲ್ಲ. ಎರಡು ತಿಂಗಳ ಹಿಂದೆ ಯಾಕೂಬಸಾಬ ಇನ್ನೊಂದು ಸುದ್ದಿ ತಂದರು: ಹುಣಸಗಿಯ ಹೊಸ ಫಾರಮ್ಮಿನಲ್ಲೂ ದುರಗಮ್ಮ ಕರೆಯುತ್ತಿದ್ದಾರೆ. ಕಾಲುವೆ ನೀರಿನ ಆ ಸೀಮೆಗೆ ಅವರು ಹೋದವರೇ ಅಲ್ಲ. ಒಂದು ದಿನ ರಜೆ ಹಾಕಿ, ತಪ್ಪಲಿನ ಗಂಟು ಕಂಕುಳಲ್ಲಿ ಅವುಚಿಕೊಂಡು, ಶಹಾಪುರದಲ್ಲಿ ಒಂದು ಬಸ್ಸು, ಸುರಪುರದಲ್ಲಿ ಇನ್ನೊಂದು ಬಸ್ಸು ಬದಲಿಸಿ ಹುಣಸಗಿ ಮುಟ್ಟಿದರು. ಫಾರಮ್ಮಿನ ಗೇಟಿಗೆ ಇನ್ನೂ ನೂರು ಹೆಜ್ಜೆ ಇರುವಾಗಲೇ ಒಳಗಿನಿಂದ ತಾವೇ ಕರೆಯುವುದು ಕೇಳಿತು. ತಮ್ಮನ್ನೇ ಕರೆದ ಹಾಗೆ ಅನ್ನಿಸಿ ಒಂದು ಕ್ಷಣ ಕಾಲು ತಾನಾಗಿ ಮುಂದೆ ಹೋಯಿತಂತೆ.

ಅಲ್ಲಿ ಹಿಕ್ಕೆ ಗುಡಿಸುವಾಕೆ ಮಲ್ಲೇಶ್ವರಿ. ದುರಗಮ್ಮ ಬಾಯಿ ತೆರೆದು ಎರಡು ಮಾತಾಡಿದ್ದೇ ತಡ, ಆಕೆಯ ಕೈಯಿಂದ ಕಸಬರಿಗೆ ಜಾರಿತು. "ಯಮ್ಮಾ, ದಿನಾ ಕಂಬದ ಮ್ಯಾಲಿಂದ ಕರಿಯಾಕಿ ನೀನ ಏನು?" ದುರಗಮ್ಮ ಆಕೆಯನ್ನು ಕೂರಿಸಿಕೊಂಡು ಬರಿಗೈಯ ಮಾತು ಹೇಳಿದರು, ಗಂಟು ಬಿಚ್ಚಿ ಆಕೆಯ ಉಡಿ ತುಂಬಿದರು. ಈಗ ಹುಣಸಗಿಯಲ್ಲಿ ಮಲ್ಲೇಶ್ವರಿ ಓಡುತ್ತಾಳೆ. ಇನ್ನೂ ಎಲ್ಲೆಲ್ಲಿ ಆ ದನಿ ಇದೆಯೋ, ಅಲ್ಲಿ ಓಡುವವರು ಯಾರಿದ್ದಾರೋ, ಲೆಕ್ಕ ಕೊಡುವವರಿಲ್ಲ.

ಹೊತ್ತು ಏರಿದೆ. ಬೇವಿನ ನೆರಳಲ್ಲಿ ದುರಗಮ್ಮ ಮುಂದಿನ ಕರೆಗೆ ತಪ್ಪಲು ಹಸನು ಮಾಡುತ್ತಿದ್ದಾರೆ. ಏನಾದರೂ ಬೇಡಿಕೆ ಇದೆಯೇ ಎಂದರೆ ಸಂಬಳದ ಮಾತು ಎತ್ತುವುದಿಲ್ಲ. ಪಕ್ಕದಲ್ಲೇ ನಿಂತ ಸಂಜೀವಕುಮಾರರ ಕಡೆ ತಿರುಗುತ್ತಾರೆ.

"ನಾ ಸತ್ತ ದಿನ ಆ ದನೀನೂ ಬಂದ್ ಮಾಡ್ರಿ, ಇಷ್ಟ ಬರಕೊಡ್ರಿ ಸಾಕು. ರಾಮಣ್ಣ ಹೋದಾಗ ಅವನ ದನೀನೂ ಅವನ ಕೂಡ ಹೋತು. ಚಂದಾಗಿ ಹೋತು."

ಸಂಜೀವಕುಮಾರ ಮೊಬೈಲು ಕೈಯಿಂದ ಕೈಗೆ ಬದಲಿಸುತ್ತಾರೆ. "ಅದು ನನ್ನ ಕೈಯಾಗ ಇಲ್ಲವ್ವಾ. ದನಿ ಕಂಪನಿ ಹತ್ರ ಅದ. ಕೇಳಿ ನೋಡತೀನಿ."

"ಕೇಳ್ರಿ. ಲಗೂ ಕೇಳ್ರಿ," ಎನ್ನುತ್ತಾರೆ ದುರಗಮ್ಮ. ಅಷ್ಟರಲ್ಲಿ ಶೆಡ್ಡಿನೊಳಗಿಂದ ಅವರ ದನಿ ಕರೆಯುತ್ತದೆ. ಮೊಣಕಾಲಿಗೆ ಕೈ ಊರಿ ಏಳುತ್ತಾರೆ, ಉಡಿ ಬಿಗಿಯುತ್ತಾರೆ.

"ಅದು ಕರಕೋತ ಇರತದ. ತಪ್ಪಲ ತರಾಕ ನಾ ಇರಂಗಿಲ್ಲಲ್ಲ."