ಆಶಾಬಿಯ ಶೀಶೆ

ಆಶಾಬಿಯ ಜೊತೆ ವಾದಕ್ಕಿಳಿದು ಗೆದ್ದವರು ವಾಡಿಯಲ್ಲಿ ಯಾರೂ ಇಲ್ಲ. ರೈಲ್ವೆಯಲ್ಲಿ ಆಯುಷ್ಯವೆಲ್ಲ ಬೈಗುಳ ತಿಂದು ಗಟ್ಟಿಯಾದ ನಾನೇ ಸೋತಿದ್ದೇನೆ, ಉಳಿದವರ ಪಾಡೇನು? ನಮ್ಮ ಪಕ್ಕದ ಮನೆಯಲ್ಲಿ ಕೂತು ಸಿಮೆಂಟ್ ಕಾರ್ಖಾನೆಯವರಿಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ಕೈಯಷ್ಟೇ ಬಾಯಿಯೂ ಚುರುಕು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಮುಜೀಬ ಇದ್ದಾನಲ್ಲ, ಇನ್ನೊಬ್ಬಾಂವನ್ನ ಯಾರು ಸಂಭಾಳಸಬೇಕು?" ಅನ್ನುತ್ತಾಳೆ.

ಮುಜೀಬ ಅವಳ ತಮ್ಮ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು ಅವನ ಮೈಯಲ್ಲಿ ತಯಾರಾಗುವುದಿಲ್ಲ. ಸಣ್ಣ ಪೆಟ್ಟಾದರೂ ಕೀಲಿನೊಳಗೆ ರಕ್ತ ತುಂಬಿಕೊಳ್ಳುತ್ತದೆ. ಇವರ ಅಣ್ಣನೊಬ್ಬ ಇದೇ ರೋಗದಿಂದ, ಹಾಲುಹಲ್ಲು ಕಿತ್ತ ಗಾಯದ ರಕ್ತ ನಿಲ್ಲದೆ ಸತ್ತಿದ್ದ. ಅದಕ್ಕೇ ತಮ್ಮನನ್ನು ಆಶಾಬಿ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದಳು. ಈಗ ಅವನು ಸ್ಟೇಷನ್ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತಾನೆ.

ಹೋದ ಮಳೆಗಾಲದಲ್ಲಿ ಅಂಗಡಿಯ ಮುಂದಿನ ಹಾಸುಗಲ್ಲಿನ ಮೇಲೆ ಜಾರಿ ಬಿದ್ದ. ಮೊಣಕಾಲು ಕುಂಬಳಕಾಯಿಯಂತೆ ಊದಿತು. ಜಿಲ್ಲಾ ಆಸ್ಪತ್ರೆಯಲ್ಲಿ ಅವನಿಗೆ ಬೇಕಾದ ಇಂಜೆಕ್ಷನ್ ಮುಗಿದಿತ್ತು. ಬಂದ ಮೇಲೆ ಫೋನ್ ಮಾಡುತ್ತೇವೆಂದು ಹೇಳಿ ಕಳಿಸಿದರು. ಹೊರಗೆ ಕೊಳ್ಳುವುದು ರೊಟ್ಟಿ ಬಡಿಯುವವಳ ಕೈಲಾಗುವ ಮಾತಲ್ಲ.

ಆಗ ಅವಳ ಚಿಕ್ಕಪ್ಪನ ಮಗ ಹಾಜಿಮಲಂಗ್ ಫೋನ್ ಮಾಡಿದ. ಅವನು ಹೈದರಾಬಾದಿನ ಒಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಾನೆ. ಅದೇ ಪ್ರೋಟೀನು ನಮ್ಮಲ್ಲಿದೆ, ಆದರೆ ಸಂಶೋಧನೆಗೆ ಮಾತ್ರ ಎಂದ. ಆಶಾಬಿ ಮೊದಲಿನ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡಳು. ಅವನು ಅದನ್ನು ಕೇಳಿ ತಂದನೋ ಕದ್ದು ತಂದನೋ, ನಾನು ವಿಚಾರಿಸಲಿಲ್ಲ.

ಅವನು ಬಂದ ದಿನ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಮಲಂಗ್ ರೈಲಿನಿಂದಿಳಿದು, ಐಸ್ ತುಂಬಿದ ಥರ್ಮಾಸಿನಿಂದ ಅತ್ತರಿನ ಬಾಟಲಿಯಷ್ಟು ಪುಟ್ಟ ಶೀಶೆ ತೆಗೆದ. ತಳದಲ್ಲಿ ಚೂರು ಬಿಳಿ ಪುಡಿ. ಆಶಾಬಿ ಅದನ್ನು ಕಣ್ಣಿಗೊತ್ತಿಕೊಂಡಳು.

"ಯಾರು ಕೊಟ್ಟಿದ್ದು ಇದು?"

"ಯಾರೂ ಕೊಟ್ಟಿಲ್ಲ ಆಪಾ. ಮನುಷ್ಯಾರ ಜೀನ್ ತಗೊಂಡು ಬ್ಯಾರೆ ಜೀವಕೋಶದಾಗ ಹಾಕಿ ತಯಾರ ಮಾಡ್ತಾರಂತ."

"ಮೊದಲ ಒಬ್ಬ ಮನುಷ್ಯಾ ಇರಬೇಕಲ್ಲ?"

ಮಲಂಗ್ ಶೀಶೆಯನ್ನು ಮತ್ತೆ ಐಸಿನೊಳಗಿಟ್ಟು ಥರ್ಮಾಸನ್ನು ಅವಳ ಕೈಗೆ ಕೊಟ್ಟ. ಅವಳು ದಾರಿಯಲ್ಲಿ ದರ್ಗಾಕ್ಕೆ ಹೋಗಿ, ಹೆಸರು ಗೊತ್ತಿಲ್ಲದ ಆ ಮನುಷ್ಯನಿಗಾಗಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿದಳು. ನನ್ನ ಕೈಗೂ ಚೂರು ಹಾಕಿದಳು. ಹುಚ್ಚಿ ಎಂದುಕೊಂಡೆ, ಆದರೂ ತಿಂದೆ.

ನಮ್ಮೂರ ಸಣ್ಣ ದವಾಖಾನೆಯಲ್ಲಿ ಸಿಸ್ಟರ್ ಭಾಗ್ಯಜ್ಯೋತಿ ಶೀಶೆಯ ಚೀಟಿ ಓದಿ ಗಾಬರಿಯಾದಳು.

"ಅಕ್ಕಾ, ಇದು ಲ್ಯಾಬಿನ್ಯಾಗ ಪರೀಕ್ಷಾ ಮಾಡ್ಲಿಕ್ಕಷ್ಟೇ ಅದ. ಮನುಷ್ಯಾರಿಗೆ ಕೊಡಬಾರದಂತ ಬರದಾರ."

"ಮನುಷ್ಯಾರದ್ದೇ ಅಂತನೂ ಬರದಾರಿಲ್ಲ?"

"ಬರದಾರ."

"ಮತ್ತ ಮನುಷ್ಯಾರಿಗೆ ಯಾಕ ಬ್ಯಾಡ?"

"ಮೈಯಾಗ ಹಾಕೋ ಔಷಧದಂಗ ಇದನ್ನ ಶುದ್ಧ ಮಾಡಿರಂಗಿಲ್ಲ. ನಂಜಾಗಿ ಜೀವಾನೇ ಹೋಗಬಹುದು. ನನ್ನ ಕೈಲಿ ಆಗಂಗಿಲ್ಲ ಅಕ್ಕಾ," ಎಂದು ಹುಡುಗಿ ಅತ್ತೇ ಬಿಟ್ಟಳು.

ಆಶಾಬಿ ನನ್ನ ಕಡೆ ನೋಡಿದಳು. ಏನಾದರೂ ಹೇಳ್ರಿ ಕಾಕಾ ಎಂಬಂತೆ. ಎಲ್ಲದಕ್ಕೂ ಮೂಗು ತೂರಿಸುವ ನಾನು ಆವತ್ತು ಶೀಶೆಯನ್ನು ಎತ್ತಿ ಥರ್ಮಾಸಿಗೆ ಹಾಕಿದೆ. ಅವಳು ಸೋತದ್ದನ್ನು ಮೊದಲ ಸಲ ಕಂಡೆ.

ಶೀಶೆ ನಮ್ಮ ಮನೆಯ ಫ್ರಿಜ್ಜಿನಲ್ಲಿ ಉಳಿಯಿತು. ಗೋಡೆಯಾಚೆ ಮುಜೀಬ ನರಳುತ್ತಿದ್ದ. ಅವಳು ಹಿಟ್ಟಿನ ಕೈಯಲ್ಲೇ ಬಂದು ಫ್ರಿಜ್ಜಿನ ಬಾಗಿಲು ತೆರೆದು ನೋಡಿ, ಮುಚ್ಚಿ ಹೋಗುತ್ತಿದ್ದಳು. ಕೊನೆಗೆ ಆಸ್ಪತ್ರೆಯಿಂದ ಫೋನ್ ಬಂತು, ಇಂಜೆಕ್ಷನ್ ಆಯಿತು, ರಕ್ತ ನಿಂತಿತು. ಅಷ್ಟರಲ್ಲಿ ಮೊಣಕಾಲು ಮಡಚಿದ್ದು ಮಡಚಿದಂತೆಯೇ ಬಿಗಿದುಕೊಂಡಿತ್ತು.

"ಇನ್ನ ಆ ಶೀಶೆ ಗಟಾರಕ್ಕ ಒಗಿ," ಎಂದೆ.

"ಉಗುರು ಕೂದಲಾ ಸುದ್ದಾ ಮಣ್ಣಿಗೆ ಹಾಕ್ತೀವಿ ಕಾಕಾ. ಇದು ಮನುಷ್ಯಾರದ್ದು, ಗಟಾರಕ್ಕ ಹ್ಯಾಂಗ ಒಗೀಲಿ?"

ಹಿತ್ತಿಲ ಬೇವಿನ ಗಿಡದ ಬುಡದಲ್ಲಿ, ಸತ್ತ ಅಣ್ಣನ ಹಾಲುಹಲ್ಲನ್ನು ಅವರಮ್ಮ ಹುಗಿದ ಕಡೆಯೇ, ಆಶಾಬಿ ಶೀಶೆಯನ್ನು ಹುಗಿದಳು. ಮುಜೀಬ ಬಾಗಿಲಲ್ಲಿ ಕೋಲೂರಿ ನಿಂತು ನೋಡುತ್ತಿದ್ದ.

"ಆಪಾ, ಅದನ್ನ ಹಾಕಿದ್ರ ನನ್ನ ಕಾಲು ಉಳೀತಿತ್ತೇನು?"

ವಾಡಿಗೆಲ್ಲ ಉತ್ತರ ಕೊಡುವ ಆಶಾಬಿ ಕೈಯ ಮಣ್ಣು ತೊಳೆದುಕೊಂಡು, ಅವನನ್ನು ಹಿಡಿದು ಒಳಗೆ ಕರೆದೊಯ್ದಳು.