ನಾಲ್ಕು ಸಾಲಿಗೂ ಒಂದೇ ಹೆಸರು

೨೦೨೨ರ ಜೂನ್ ೧೪, ಮಂಗಳವಾರ. ಬೇಸಿಗೆಯ ಆರಂಭ, ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ದಟ್ಟ ಮಂಜು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ ಮತಪತ್ರ ಕೊಡುವ ಲೊರೇನ್‌ಳ ತಾಳ್ಮೆ ಪರೀಕ್ಷಿಸಲೆಂದೇ ಹುಟ್ಟಿದವನು ಮುದಿ ಮೀನುಗಾರ ಎಲ್‌ವುಡ್. ಸೂಚನೆಗಳನ್ನು ಗಟ್ಟಿಯಾಗಿ ಓದುವುದು, ಗಂಭೀರವಾಗಿ ತಲೆದೂಗುವುದು, ಅನಂತರ ನಾಲ್ವರನ್ನು ಇಷ್ಟದ ಅನುಕ್ರಮದಲ್ಲಿ ಗುರುತಿಸಬೇಕಾದ ಮತಪತ್ರದಲ್ಲಿ ನಾಲ್ಕೂ ಆಯ್ಕೆಗಳಿಗೆ ಒಬ್ಬನನ್ನೇ ಗುರುತಿಸಿ ಅದನ್ನು ಕೋಣೆಗೆಲ್ಲ ಸಾರುವುದು ಅವನ ಕ್ರಮ. ಈ ಸಲ ಆ ಒಬ್ಬ, ಅಭ್ಯರ್ಥಿಯಾಗಿ ನಿಂತಿದ್ದ ಗೆಳೆಯ ವರ್ನನ್. "ಎಷ್ಟು ಸಲ ಹೇಳ್ಲಿ, ಎಲ್‌ವುಡ್? ಎರಡನೇದಕ್ಕೆ ಬೇರೆ ಹೆಸರು ಹಾಕು! ಮೊದಲ್ನೇಯವನು ಹೊರಗೆ ಬಿದ್ರೆ ನಿನ್ನ ಓಟು ಎರಡನೇಯವರಿಗಾದ್ರೂ ಹೋಗುತ್ತೆ." "ಹೋಗ್ಬಾರ್ದು ಅಂತಾನೇ, ತಾಯಿ! ನಲವತ್ತು ವರ್ಷ ಒಂದೇ ದೋಣೀಲಿ ಇದ್ದೋರು ನಾವು. ಅವನು ಮುಳುಗುವಾಗ ಪಕ್ಕದ ದೋಣಿಗೆ ನೆಗೀಲಾ?" ಲೊರೇನ್ ಮತಪೆಟ್ಟಿಗೆ ತೋರಿಸಿದಳು. ವರ್ನನ್ ಎಣಿಕೆಯ ಮೊದಲ ಸುತ್ತಿನಲ್ಲೇ ಹೊರಬಿದ್ದ. ಎಲ್‌ವುಡ್‌ನ ಮತವೂ ಬೇರೆ ಯಾರಿಗೂ ಹೋಗದೆ ಅಲ್ಲಿಗೇ ನಿಂತಿತು. ಜೂನ್ ೨೧ರಂದು ಕೊನೆಯ ಸುತ್ತಿನ ಎಣಿಕೆ ಮುಗಿದಾಗ, ಇಬ್ಬರು ಗೆಳೆಯರಿಗೂ ಕಂಡರಾಗದವನು ಒಂದೇ ಮತದಿಂದ ಗೆದ್ದ.